ನೀರು ಸುರಿಯುವಷ್ಟು ಹೊತ್ತು

ಮಾವಿನ ಸುಗ್ಗಿ ಮುಗಿದ ಮೇಲೆ ಶ್ರೀನಿವಾಸಪುರದ ಮಂಡಿಗಳಲ್ಲಿ ಖಾಲಿ ಕ್ರೇಟುಗಳೂ ಒಣಹುಲ್ಲಿನ ವಾಸನೆಯೂ ಉಳಿಯುತ್ತವೆ. ಅಂಥ ಒಂದು ಮಂಡಿಯಲ್ಲಿ ತಿಂಗಳಿಗೊಂದು ಭಾನುವಾರ ನಮ್ಮ ಹಾಡಿನ ಬಳಗ ಸೇರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು ಕಡೆಗಳಿಂದ ಹತ್ತು ಹದಿನೈದು ಜನ ಬಸ್ಸಿನಲ್ಲೋ ಬೈಕಿನಲ್ಲೋ ಬರುತ್ತಾರೆ. ಹಳ್ಳಿಯ ಪದಗಳನ್ನು ಹಾಡುವುದು ಒಂದು ಗಂಟೆ, ಅವುಗಳ ಬೇರು ಎಲ್ಲಿಯದು ಎಂದು ಜಗಳವಾಡುವುದು ಮೂರು ಗಂಟೆ. ಶ್ರೀನಿವಾಸಪುರದ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಬಳಗದಲ್ಲಿ ಹಾಡುವವಳಲ್ಲ. ಹಾಡುಗಳನ್ನು ಫೋನಿನಲ್ಲಿ ಹಿಡಿದು, ಯಾರು, ಯಾವ ಊರು ಎಂದು ಬರೆದಿಡುವುದು ನನ್ನ ಕೆಲಸ.

ನಮ್ಮ ತಾತನ ಪದವನ್ನು ಬಳಗಕ್ಕೆ ಕೊಟ್ಟವಳೂ ನಾನೇ.

ತಾತನಿಗೆ ಎಂಬತ್ತೆರಡು. ತಾಯಲೂರಿನ ಹತ್ತಿರ ನಮ್ಮ ಊರು. ಬೆಳಿಗ್ಗೆ ಹಸುಗಳಿಗೆ ಹುಲ್ಲು ಹಾಕುವಾಗ ಅವರು ಒಂದು ಪದ ಹೇಳುತ್ತಾರೆ. ಉದ್ದದ ಒಂದು ಸಾಲು ಕನ್ನಡದಲ್ಲಿ: 'ಇಳಿಯೋ ನನ್ನಪ್ಪ ಇಳಿಯೋ, ನಿನ್ನ ಬೆನ್ನಹಿಂದೆ ಏಳಲಿ ಗಂಗೆ, ಬಾಯಾರಿ ನಿಂತವೆ ಪೈರು.' ಆಮೇಲೆ ಗಿಡ್ಡದೊಂದು ಸಾಲು ತೆಲುಗಿನಲ್ಲಿ: 'ವೆನಕ್ಕಿ ರಾ, ನಾಯನಾ.' ಹಿಂದಕ್ಕೆ ಬಾರಪ್ಪಾ ಎಂದು. ಉದ್ದದ ಸಾಲಿನ ಮಾತು ಪ್ರತಿ ಸಲ ಬೇರೆ, ಗಿಡ್ಡದ್ದು ಮಾತ್ರ ಅದೇ. ಯಾವ ಪದ ತಾತ ಇದು ಎಂದು ಕೇಳಿದ್ದಕ್ಕೆ, 'ಎತ್ತಿನ ಪದ ಕಣಮ್ಮ' ಎಂದಿದ್ದರು. ಹಾಗೆಯೇ ಬರೆದುಕೊಂಡಿದ್ದೆ.

ಬಳಗಕ್ಕೆ ಕಳಿಸುವ ಮುನ್ನ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಉದ್ದದ ಸಾಲು ಮುಗಿದ ಕೂಡಲೇ ತಾತ ಸುಮ್ಮನಾಗುತ್ತಿದ್ದರು. ಆರೇಳು ಸೆಕೆಂಡು ಏನೂ ಇಲ್ಲ. ಹಸು ಮೂಗು ಸೀಟುವ ಸದ್ದು ಮಾತ್ರ. ಪ್ರತಿ ಸಲವೂ ಹಾಗೆಯೇ. ಮುಂದಿನ ಮಾತು ನೆನಪಾಗದೆ ತಡವರಿಸುತ್ತಿದ್ದಾರೆ ಎಂದುಕೊಂಡೆ. ಜನ ನಗಬಾರದು ಎಂದು ಆ ಜಾಗಗಳನ್ನೆಲ್ಲ ಕತ್ತರಿಸಿ ತೆಗೆದೆ. ಅಂಚು ಗೊತ್ತಾಗದಂತೆ ನೀಟಾಗಿ ಜೋಡಿಸಿದೆ. ಅಂಥ ಕೆಲಸದಲ್ಲಿ ನನ್ನ ಕೈ ಚುರುಕು.

ಮುಂದಿನ ಭಾನುವಾರ ಮಂಡಿಯಲ್ಲಿ ಅದನ್ನು ಕೇಳಿಸಿದಾಗ ಮೊದಲು ಬಾಯಿ ತೆರೆದವರು ಮುಳಬಾಗಿಲಿನ ಹಾರ್ಮೋನಿಯಂ ಮೇಷ್ಟ್ರು. ನಲವತ್ತು ವರ್ಷ ಹಳ್ಳಿ ನಾಟಕಗಳಿಗೆ ಪೆಟ್ಟಿಗೆ ನುಡಿಸಿದವರು, ನಮ್ಮಲ್ಲೆಲ್ಲ ಹಿರಿಯರು.

'ಇದು ಮುರಿದ ಪದ,' ಎಂದರು. 'ಗಡಿಯಿಂದ ಆ ಕಡೆ ಈ ಕಡೆ ತಿರುಗೋ ಡ್ರಾಮಾ ಕಂಪನಿಯೋರ ಹಾಡು. ಅದಕ್ಕೇ ಎರಡು ಭಾಷೆ. ಮಧ್ಯದ ಸಾಲು ಬಿದ್ದೋಗಿದೆ, ತಾಳಕ್ಕೆ ಕೂರಲ್ಲ.'

ಮಾಲೂರಿನಿಂದ ಬರುವ ಗುಲಾಬಿ ಬೆಳೆಗಾರರು ಒಪ್ಪಲಿಲ್ಲ. 'ಮೇಷ್ಟ್ರೇ, ನಾಳೆ ಆಕಾಶ ಬಿದ್ರೂ ಡ್ರಾಮಾ ಕಂಪನಿಯಿಂದ ಬಿತ್ತು ಅಂತೀರ. ಇದು ತೆಲುಗರ ಪದ. ನಮ್ಮಪ್ಪಾನೂ ಇಂಥದ್ದು ಹೇಳ್ತಿದ್ದ, ನಾವು ಕನ್ನಡ ಸೇರಿಸ್ಕೊಂಡಿದೀವಿ ಅಷ್ಟೆ.'

'ಲೇ, ನಿಮ್ಮಪ್ಪ ಹೇಳ್ತಿದ್ದುದು ಇದರ ಅರ್ಧಾನೂ ಇಲ್ವಲ್ಲೋ,' ಎಂದರು ಮಂಡಿಯ ಯಜಮಾನರು, ಅವರ ಬಾಲ್ಯದ ಗೆಳೆಯ. 'ಪದ ಕನ್ನಡದ್ದೇ. ಬಾಲ ಮಾತ್ರ ತೆಲುಗು.'

'ಅರ್ಧ ಮರೆತಿದೀವಿ ಕಣೋ. ಮರೆಯೋಕೂ ಮುಂಚೆ ಇರಬೇಕಲ್ಲ.'

ಜಗಳ ಎಂದಿನಂತೆ ಕಾಫಿಯಲ್ಲಿ ಮುಗಿಯಿತು. ಆದರೆ ಆ ದಿನ ಬಳಗ ಇನ್ನೊಂದು ತೀರ್ಮಾನ ಮಾಡಿತು. ಕೋಲಾರದಲ್ಲಿ ಹತ್ತು ಪದಗಳನ್ನು ಒಳ್ಳೆಯ ಮೈಕಿನಲ್ಲಿ ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕುವ ಯೋಜನೆ ಇತ್ತು. ತಾತನ ಪದವೂ ಆ ಹತ್ತರಲ್ಲಿ ಬಂತು. ಆದರೆ ಮೇಷ್ಟ್ರು ಸರಿಪಡಿಸಿದ ರೂಪದಲ್ಲಿ, ಬೇರೆಯವರ ದನಿಯಲ್ಲಿ, ಹಾರ್ಮೋನಿಯಂ ತಬಲಾ ಜೊತೆಗೆ. ಕೆಳಗೆ 'ಹಳೆಯ ನಾಟಕದ ಪದ' ಎಂಬ ಬರಹ. 'ತಾತನವರಿಗೆ ವಯಸ್ಸಾಗಿದೆ, ಅವರ ತಪ್ಪಲ್ಲಮ್ಮ,' ಎಂದು ಮೇಷ್ಟ್ರು ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು. ನಾನು ತಲೆಯಾಡಿಸಿದೆ.

ಅದನ್ನು ಮನೆಯಲ್ಲಿ ಹೇಳಬಾರದಿತ್ತು. ಪದ ಆಯ್ಕೆಯಾಗಿದೆ ಎಂಬ ಖುಷಿಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ತಾತ ಪಡಸಾಲೆಯಲ್ಲಿದ್ದರು. ಎಲ್ಲ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹುಲ್ಲಿನ ಸದ್ದು ಕೇಳಿತು, ಪದ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಹತ್ತು ದಿನ ಹೀಗೇ ಆದ ಮೇಲೆ ಅಮ್ಮ ಕೇಳಿದ್ದಕ್ಕೆ, 'ನಂದು ಮುರಿದಿರೋದಂತಲ್ಲ, ಹಸು ಯಾಕೆ ಕೇಳಬೇಕು' ಎಂದರಂತೆ.

ಆ ಭಾನುವಾರ ಫೋನು ಹಿಡಿದು ತಾತನ ಪಕ್ಕ ಕುಳಿತೆ. ಬಳಗಕ್ಕೆ ಕೊಟ್ಟದ್ದು ಇದು ಎಂದು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಎರಡು ಸುತ್ತು ಕೇಳಿ, ಕಣ್ಣು ತೆರೆದು ನನ್ನನ್ನೇ ನೋಡಿದರು.

'ನೀರೆಲ್ಲಿ ಹೋಯ್ತು?' ಎಂದರು.

'ಯಾವ ನೀರು ತಾತ?'

'ಸಾಲು ಮುಗೀತು, ನೀರು ಸುರೀಬೇಕಲ್ಲ. ಸುರಿಯೋಕೆ ಬಿಡ್ದಂಗೆ ಎತ್ತನ್ನ ಹಿಂದಕ್ಕೆ ಕರೆದ್ರೆ, ತುಂಬಿದ ಚೀಲ ತುಂಬಿದಂಗೇ ಬಾವಿಗೆ ಹೋಗುತ್ತೆ. ನಾನು ಯಾವತ್ತು ಹಂಗೆ ಹೊಡೆದಿದ್ದೆ ಕಪಿಲೆ?'

ಕಪಿಲೆ ಎಂಬ ಮಾತನ್ನು ಕೇಳಿದ್ದೆ, ನೋಡಿರಲಿಲ್ಲ. ಪಂಪ್‌ಸೆಟ್ಟು ಬರುವ ಮೊದಲು ಎತ್ತುಗಳಿಂದ ಬಾವಿಯ ನೀರೆತ್ತುತ್ತಿದ್ದ ಬಗೆ ಅದು. ಬಾವಿಯ ಬಾಯಿಂದ ಹೊರಕ್ಕೆ ಮಣ್ಣಿನ ಇಳಿಜಾರು, ನೀರು ಎಷ್ಟು ಆಳದಲ್ಲಿದೆಯೋ ಅಷ್ಟು ಉದ್ದ. ದಪ್ಪ ಹಗ್ಗದ ಒಂದು ತುದಿಗೆ ಎತ್ತಿನ ಜೋಡಿ, ರಾಟೆ ದಾಟಿ ಇನ್ನೊಂದು ತುದಿಗೆ ಚರ್ಮದ ದೊಡ್ಡ ಚೀಲ. ಎತ್ತು ಇಳಿದರೆ ಚೀಲ ಮೇಲೇರಿ ತೊಟ್ಟಿಗೆ ನೀರು ಸುರಿಯುತ್ತದೆ. ಬಳಿಕ ಎತ್ತು ಹಿಂದು ಹಿಂದಕ್ಕೆ ನಡೆದು ಮೇಲೆ ಬರಬೇಕು. ಚೀಲ ಮತ್ತೆ ಬಾವಿಗಿಳಿಯುತ್ತದೆ. ತಾತ ಹನ್ನೆರಡನೆಯ ವಯಸ್ಸಿನಿಂದ ಮದುವೆಯಾಗುವವರೆಗೆ ಬೆಳಗಾದರೆ ಮಾಡಿದ ಕೆಲಸ ಅದೇ. ಇಳಿಯುವಾಗ ಉದ್ದದ ಸಾಲು. ಹಿಂದಕ್ಕೆ ಬರುವಾಗ ಗಿಡ್ಡದ್ದು. ನಡುವೆ ಮೌನ, ನೀರು ಸುರಿಯುವಷ್ಟು ಹೊತ್ತು.

ನಾನು ಕತ್ತರಿಸಿ ತೆಗೆದದ್ದು ಆ ನೀರನ್ನು.

ನಮ್ಮ ಹಳೆಯ ಬಾವಿ ಈಗಲೂ ಇದೆ, ಬೋರ್‌ವೆಲ್ಲಿನ ಪಕ್ಕದಲ್ಲಿ. ಇಳಿಜಾರಿನ ಒಂದು ಅಂಚಿಗೆ ಅಪ್ಪ ಟೊಮೆಟೊ ಹಾಕಿದ್ದಾರೆ. ಆ ಸಂಜೆ ಟೇಪು ತೆಗೆದುಕೊಂಡು ಹೋಗಿ ಅಳೆದೆ: ಮೂವತ್ತಾರು ಅಡಿ. ಎತ್ತಿನಷ್ಟೇ ನಿಧಾನವಾಗಿ ನಡೆಯುತ್ತ ತಾತನ ಸಾಲನ್ನು ಬಾಯೊಳಗೇ ಹೇಳಿಕೊಂಡೆ. 'ಪೈರು' ಎನ್ನುವಾಗ ಕಾಲು ಸಮತಟ್ಟಾದ ನೆಲಕ್ಕೆ ಬಂದಿತ್ತು. ಮೂರು ಸಲ ನಡೆದು ನೋಡಿದೆ. ಮೂರು ಸಲವೂ ಅಲ್ಲಿಗೇ.

ಮನೆಗೆ ಬಂದು ಬಳಗದ ವಾಟ್ಸಾಪಿಗೆ ಬರೆಯಲು ಕುಳಿತೆ. ನಾಲ್ಕು ಸಾಲಿಗೆ ಒಂದು ಗಂಟೆ ಬೇಕಾಯಿತು. 'ಪದ ಮುರಿದಿಲ್ಲ. ಅದನ್ನು ಮುರಿದದ್ದು ನಾನು. ತಾತ ನಿಲ್ಲಿಸುವ ಜಾಗಗಳನ್ನು ಮರೆವು ಎಂದುಕೊಂಡು ತೆಗೆದುಬಿಟ್ಟಿದ್ದೆ. ಧ್ವನಿಮುದ್ರಣಕ್ಕೆ ಮೊದಲು ಒಮ್ಮೆ ನಮ್ಮ ಬಾವಿಯ ಹತ್ತಿರ ಬನ್ನಿ.' ಕತ್ತರಿಸದ ರೆಕಾರ್ಡಿಂಗನ್ನೂ ಜೊತೆಗಿಟ್ಟೆ.  ರಾತ್ರಿ ಮೇಷ್ಟ್ರ ಧ್ವನಿ ಸಂದೇಶ ಬಂತು: 'ಬರ್ತೀನಮ್ಮ. ಆದ್ರೆ ಕಣ್ಣಾರೆ ನೋಡೋವರೆಗೂ ಒಪ್ಪಲ್ಲ.'

ಮೇಷ್ಟ್ರು, ಮಾಲೂರಿನವರು, ಮಂಡಿಯ ಯಜಮಾನರು ಮೂವರೂ ಬಂದರು. ತಾತ ಬಿಳಿ ಪಂಚೆ ಉಟ್ಟು ಬಾವಿಯ ಕಟ್ಟೆಯ ಮೇಲೆ ಆಗಲೇ ಕುಳಿತಿದ್ದರು. ಮೇಷ್ಟ್ರು ಪಕ್ಕದಲ್ಲಿ ಕುಳಿತು ವಿನಯದಿಂದಲೇ, 'ಎತ್ತಿಲ್ಲದೆ ಹೆಂಗೆ ಯಜಮಾನ್ರೇ ಗೊತ್ತಾಗೋದು?' ಎಂದರು.

ತಾತ ಸುತ್ತ ನೋಡಿದರು. 'ಎತ್ತಿಗೇನು ಬರ,' ಎಂದು ಮಂಡಿಯ ಯಜಮಾನರನ್ನು ಬಲಕ್ಕೂ ಮಾಲೂರಿನವರನ್ನು ಎಡಕ್ಕೂ ನಿಲ್ಲಿಸಿ, ಟ್ರ್ಯಾಕ್ಟರಿನ ಹಗ್ಗವನ್ನು ಇಬ್ಬರ ಹೆಗಲಿಗೂ ಹಾಕಿದರು. ಮೇಷ್ಟ್ರು ತೊಡೆಯ ಮೇಲೆ ತಾಳ ಹಾಕಲು ಕೈಯೆತ್ತಿದರು. ತಾತ ಕೋಲೂರಿಕೊಂಡು ಹಿಂದೆ ನಡೆಯುತ್ತ ಸಾಲೆತ್ತಿಕೊಂಡರು. ಕೊಟ್ಟಿಗೆಯಲ್ಲಿ ಕೇಳಿದ್ದ ಗೊಣಗು ದನಿ ಅದಾಗಿರಲಿಲ್ಲ. ಬಯಲಿಗೆ, ದನಕ್ಕೆ, ಆ ತುದಿಯ ಹೊಲಕ್ಕೆ ಕೇಳಬೇಕಾದ ದನಿ. ಸಾಲು ಇಳಿಜಾರಿನ ತಳದಲ್ಲಿ ಮುಗಿಯಿತು. ಎಲ್ಲರೂ ನಿಂತರು. ಮೇಷ್ಟ್ರ ಕೈ ಅರ್ಧಕ್ಕೆ ನಿಂತಿತ್ತು. ಅವರು ತೊಟ್ಟಿಯ ಕಡೆ ನೋಡುತ್ತಿದ್ದರು. ಆಮೇಲೆ ತಾತ, 'ವೆನಕ್ಕಿ ರಾ, ನಾಯನಾ' ಎಂದರು. ಬಲದ ಎತ್ತು ಹೊರಟಿತು. ಎಡದ್ದು ಎಡವಿತು.

'ಎಡಗಡೆದು ಸೋಮಾರಿ,' ಎಂದರು ತಾತ.

'ತೆಲುಗಲ್ಲಿ ಕರೆದದ್ದು ಯಾಕೆ ತಾತ, ಅದು ಹೇಳಿ ಮೊದ್ಲು,' ಎಂದರು ಮಾಲೂರಿನವರು ಏದುಸಿರು ಬಿಡುತ್ತ. 'ಪದ ಅವರದ್ದು ತಾನೆ?'

'ಪದ ಯಾರದ್ದೋ ನಂಗೊತ್ತಿಲ್ಲಪ್ಪ. ಎತ್ತು ಅವರದ್ದು. ನಮ್ಮಪ್ಪನ ಕಾಲದಿಂದ್ಲೂ ಎಡಗಡೆ ಎತ್ತು ಗಡಿಯಾಚೆ ಸಂತೇದು. ಹಿಂದಕ್ಕೆ ಬಾ ಅಂದ್ರೆ ಕಿವಿ ಅಲ್ಲಾಡಿಸ್ತಿತ್ತು, ಕಾಲು ಅಲ್ಲಾಡಿಸ್ತಿರಲಿಲ್ಲ. ಬಲಗಡೆದು ಮನೇಲೇ ಹುಟ್ಟಿದ್ದು, ಅದಕ್ಕೆ ಎರಡೂ ಬರ್ತಿತ್ತು. ನಮ್ಮಂಗೆ.'

ಮಂಡಿಯ ಯಜಮಾನರು ಹಗ್ಗದ ಸಮೇತ ಕುಳಿತು ನಕ್ಕರು. ಮಾಲೂರಿನವರು ಮಾತ್ರ ನಗಲಿಲ್ಲ. ಇಳಿಜಾರನ್ನು ಕಣ್ಣಲ್ಲೇ ಅಳೆಯುತ್ತ ಕೇಳಿದರು: 'ತಾತ, ಬಾವೀಲಿ ನೀರು ಮೇಲೇ ಇದ್ರೆ ಸಾಲೂ ಗಿಡ್ಡ ಆಗ್ತದಾ?'

'ಆಗದೆ? ನಡೆಯೋ ದೂರಾನೇ ಇಲ್ಲ, ಇನ್ನೆಷ್ಟು ಹೇಳೋದು?'

'ನಮ್ಮದು ಕೆರೆ ಕೆಳಗಿನ ಬಾವಿ. ಬಗ್ಗಿದ್ರೆ ನೀರು ಕಾಣ್ತಿತ್ತು.' ಅವರು ಹೆಗಲ ಮೇಲಿನ ಹಗ್ಗ ತೆಗೆದರು. 'ಹಂಗಾದ್ರೆ ನಮ್ಮಪ್ಪ ಮರೆತಿರಲಿಲ್ಲ. ಅಷ್ಟೇ ಇತ್ತು.'

ಮೇಷ್ಟ್ರು ಎದ್ದು, ಚಪ್ಪಲಿ ಬಿಟ್ಟು, ಒಬ್ಬರೇ ಇಳಿಜಾರಿನಲ್ಲಿ ನಡೆದರು. ತಾತನ ಸಾಲನ್ನೇ ಹೇಳಿಕೊಂಡು ಹೋಗಿ, ತಳದಲ್ಲಿ ನಿಂತು, ಹಿಂದು ಹಿಂದಕ್ಕೆ ಹತ್ತಿ ಬಂದರು. ಮೇಲೆ ತಲುಪಿದಾಗ ಉಸಿರು ಸಾಲದಾಗಿತ್ತು. 'ಪೆಟ್ಟಿಗೆ ಬೇಡ,' ಎಂದರು. 'ಇದಕ್ಕೆ ಪೆಟ್ಟಿಗೆ ಹಿಡಿದ್ರೆ ನಾನು ಆ ಖಾಲಿ ಜಾಗ ತುಂಬಿಬಿಡ್ತೀನಿ. ಕೈ ಸುಮ್ಮನಿರಲ್ಲ.' ನನ್ನ ಕಡೆ ನೋಡಲಿಲ್ಲ, ಆದರೂ ಆ ಮಾತಿನಲ್ಲಿ ನನಗೂ ಒಂದು ಪಾಲಿತ್ತು.

ತಾತನ ಪದವನ್ನು ಕೋಲಾರದಲ್ಲಲ್ಲ, ಬಾವಿಯ ಹತ್ತಿರವೇ ಮುದ್ರಿಸಿದೆವು. ಮಾಲೂರಿನವರು ತಮ್ಮ ತಂದೆಯ ಗಿಡ್ಡ ಪದವನ್ನು ಬೆನ್ನಿಗೇ ಹಾಡಿದರು. ಕೆಳಗಿನ ಬರಹ ನಾನು ಬರೆದದ್ದು, ಮೇಷ್ಟ್ರು ಒಪ್ಪಿದ್ದು: 'ಕಪಿಲೆಯ ಪದ. ತಾಯಲೂರು ಕಡೆಯದು ಮೂವತ್ತಾರು ಅಡಿ ಇಳಿಜಾರಿಗೆ, ಮಾಲೂರು ಕಡೆಯದು ಅದರ ಅರ್ಧಕ್ಕಿಂತ ಗಿಡ್ಡದಕ್ಕೆ. ಎತ್ತುಗಳ ಭಾಷೆ ಎರಡು.' ಇಷ್ಟು ವರ್ಷ ನಾನು ಬರೆದ ಯಾವ ಪ್ರಶ್ನೆಪತ್ರಿಕೆಯ ಮೇಲೂ ನನಗೆ ಇಷ್ಟು ಅಭಿಮಾನವಿಲ್ಲ.

ಈಗ ಬೆಳಿಗ್ಗೆ ಕೊಟ್ಟಿಗೆಯಿಂದ ಪದ ಕೇಳುತ್ತದೆ, ಮೊದಲಿಗಿಂತ ಸ್ವಲ್ಪ ಜೋರಾಗಿಯೇ. ಯೂಟ್ಯೂಬಿನಲ್ಲಿ ಆಗಾಗ ಯಾರಾದರೂ ಬರೆಯುತ್ತಾರೆ: ಮಧ್ಯೆ ಮಧ್ಯೆ ಧ್ವನಿ ನಿಂತುಹೋಗುತ್ತಿದೆ, ಸರಿಪಡಿಸಿ. ಬಳಗದವರು ಉತ್ತರಿಸುವ ಕೆಲಸವನ್ನು ನನಗೇ ಬಿಟ್ಟಿದ್ದಾರೆ. ಎಲ್ಲರಿಗೂ ಒಂದೇ ಮಾತು ಬರೆಯುತ್ತೇನೆ: ಸ್ವಲ್ಪ ಕಾಯಿರಿ, ಅಲ್ಲಿ ನೀರು ಸುರಿಯುತ್ತಿದೆ.