ಗಂಗವ್ವನ ಒಳಕಲ್ಲು ತುಂಬದ ದಿನ

2006ರ ಮುಂಗಾರು. ಹವಾಮಾನ ಬದಲಾವಣೆಗೆ ರೈತರು ಹೊಂದಿಕೊಳ್ಳಲು ನೆರವಾಗುವ ಒಂದು ಅಂತರರಾಷ್ಟ್ರೀಯ ಯೋಜನೆಗೆ ನಾನು ಹಾವೇರಿಯಲ್ಲಿ ಕ್ಷೇತ್ರ ಸಂಯೋಜಕನಾಗಿದ್ದೆ. ಕದರಮಂಡಲಗಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಆ ವರ್ಷವಷ್ಟೇ ಮಳೆಮಾಪಕ ಕೂರಿಸಿದ್ದೆವು. ಅದು ಅರವತ್ತು ಮಿಲಿಮೀಟರ್ ದಾಟಿದರೆ ಮೆಣಸಿನಕಾಯಿ ಬಿತ್ತಿರಿ ಎಂದು ಸಲಹೆ ಕೊಡುವುದು ನನ್ನ ಕೆಲಸ. ಬಿತ್ತುವುದು ಮನೆಯಲ್ಲೇ ಕಾದಿಟ್ಟ ಬ್ಯಾಡಗಿ ಬೀಜ. ಹಸಿ ಸಾಲದೆ ಮೊಳಕೆ ಒಣಗಿತೋ, ಆ ವರ್ಷಕ್ಕೆ ಬೇರೆ ಬೀಜವಿಲ್ಲ.

ಜೂನ್‌ನಲ್ಲಿ ಮಾಪಕ ಅರವತ್ತೆಂಟು ತೋರಿಸಿತು. ಖುಷಿಯಿಂದ ಊರಲ್ಲಿ ಡಂಗುರ ಹೊಡೆಸಿದೆ. ಮರುದಿನ ಬೆಳಿಗ್ಗೆ ಹೋದರೆ, ದಿನಾ ಮಾಪಕ ನೋಡಿ ಬರೆದಿಡುತ್ತಿದ್ದ ಗಂಗವ್ವನ ಎತ್ತುಗಳೇ ಇನ್ನೂ ಕೊಟ್ಟಿಗೆಯಲ್ಲಿದ್ದವು.

"ಯಾಕ ಗಂಗವ್ವ, ಬಿತ್ತಂಗಿಲ್ಲೇನು?"

"ಇಲ್ರಿ ಸಾಹೇಬ್ರ." ಬಯಲಲ್ಲಿಟ್ಟ ಹಳೆಯ ಒಳಕಲ್ಲಿನತ್ತ ಕೈ ತೋರಿಸಿದರು. "ಇದು ಮಳಿ ನೀರಿಗೆ ತುಂಬಿ ಹರೀಬೇಕ್ರಿ. ಅರ್ಧಾನೂ ಆಗಿಲ್ಲ. ನಮ್ಮತ್ತಿ ಕಾಲದಿಂದ ಇದನ್ನ ನೋಡೇ ಬಿತ್ತೇವಿ."

ನನಗೆ ಸಿಟ್ಟು ನೆತ್ತಿಗೇರಿತು. "ಕಲ್ಲಿನ ಮಾತು ಕೇಳಬೇಕೋ, ಯಂತ್ರದ ಮಾತೋ?"

"ಎರಡೂ ಬ್ಯಾಡ, ಮಣ್ಣು ಕೇಳೋಣ ಬರ್ರಿ," ಅಂದರು.

ಹೊಲದಲ್ಲಿ ಅಗೆದೆವು. ಮೇಲೆ ನಾಲ್ಕು ಬೆರಳು ಹಸಿ, ಕೆಳಗೆ ಬೂದಿಯಂಥ ಒಣ ಮಣ್ಣು. ಶಾಲೆಗೆ ಓಡಿದೆ. ದನ ಕೆಡವಬಾರದೆಂದು ಮಾಪಕವನ್ನು ಗೋಡೆಗೆ ಒತ್ತಿ ಇಟ್ಟಿದ್ದೆವು. ಹಂಚಿನ ಸೂರಿನ ನೀರೂ ಅದರೊಳಗೇ ಬಿದ್ದಿತ್ತು. ಜಾಗ ತೋರಿಸಿದವನು ನಾನೇ. ಥೂ, ನನ್ನ ಬುದ್ಧಿಗಿಷ್ಟು!

ನಿಂತು ಮರುಗಲು ಹೊತ್ತಿರಲಿಲ್ಲ. ಮೋಟಾರ್‌ಸೈಕಲ್ ಹತ್ತಿ ಹೊಲ ಹೊಲ ಅಲೆದು ಬಿತ್ತುವ ಕೂರಿಗೆ ನಿಲ್ಲಿಸಿದೆ. ಬೈದರು, ಬೈಸಿಕೊಂಡೆ. ಆದರೆ ಊರಂಚಿನ ರೈತ ಬಸಪ್ಪನ ಹೊಲ ಮುಟ್ಟುವಷ್ಟರಲ್ಲಿ ಅವನು ಎರಡೆಕರೆ ಬಿತ್ತಿ ಮುಗಿಸಿದ್ದ.

ಮಧ್ಯಾಹ್ನ ಗುಡಿಯ ಕಟ್ಟೆಗೆ ಎಲ್ಲರನ್ನೂ ಕರೆದು ಹೇಳಿದೆ: "ತಪ್ಪು ಯಂತ್ರದ್ದಲ್ಲ, ನಂದು."

ಬಸಪ್ಪ ಎದ್ದು ನಿಂತ. "ನಿಮ್ಮ ಮಾತು ನಂಬಿ ಹಾಕೇನ್ರಿ. ನಾ ಈಗ ಏನ್ ಮಾಡ್ಲಿ?"

ನಾಚಿಕೆಯಿಂದ ತಲೆ ತಗ್ಗಿಸಿದೆ. ಗಂಗವ್ವನೇ ಮಾತಾಡಿದರು: "ನನ್ನ ಬೀಜದಾಗ ಅರ್ಧ ಒಯ್ಯೋ ತಮ್ಮಾ. ನಾ ಅರ್ಧ ಹೊಲಕ್ಕ ಜ್ವಾಳ ಹಾಕ್ತೇನಿ."

ಹನ್ನೆರಡು ದಿನಕ್ಕೆ ಖರೇ ಮಳೆ ಬಂತು. ಬಸಪ್ಪನ ಮೊದಲ ಬಿತ್ತನೆ ಅಷ್ಟರಲ್ಲಿ ಒಣಗಿತ್ತು. ಮರುಬಿತ್ತನೆಯ ದಿನ ಅವನ ಕೂರಿಗೆಯ ಹಿಂದೆ ಇಡೀ ದಿನ ನಡೆದೆ. ವರದಿಯಲ್ಲಿ 'ತಾಂತ್ರಿಕ ಅಡಚಣೆ' ಅಂತ ಬರೆದುಬಿಡಿ ಎಂದು ಮೇಲಿನವರು ಸೂಚಿಸಿದರು. ನಾನು 'ಸಂಯೋಜಕನ ತಪ್ಪು' ಎಂದೇ ಬರೆದೆ. ಮಾಪಕವನ್ನು ಕಿತ್ತು ಗಂಗವ್ವನ ಒಳಕಲ್ಲಿನ ಪಕ್ಕದಲ್ಲೇ ನೆಟ್ಟೆ.

ಮುಂದೆ ಹತ್ತಾರು ಊರುಗಳಲ್ಲಿ ಮಾಪಕ ಕೂರಿಸಿದೆ. ಎಲ್ಲಿ ಹೋದರೂ ಮೊದಲು, "ನೀವು ಮಳೆ ಹ್ಯಾಂಗ ಅಳೀತೀರಿ?" ಎಂದು ಕೇಳುವುದು ರೂಢಿಯಾಯಿತು. ನನ್ನ ವೃತ್ತಿ ನನಗೆ ಕಲಿಸಿದ್ದು ಇದನ್ನೇ.

ಆ ಘಟನೆಯ ಮರುವರ್ಷ ಜೂನ್‌ನಲ್ಲೇ ಗಂಗವ್ವ ಕಚೇರಿಗೆ ಫೋನ್ ಮಾಡಿದರು. "ಸಾಹೇಬ್ರ, ಕಲ್ಲು ತುಂಬೇತಿ, ನಿಮ್ಮ ಡಬ್ಬೀನೂ ಹೂಂ ಅಂದೈತಿ. ಕೈ ಹಾಕಿ ಮಣ್ಣು ನೋಡಾಕ ನೀವ ಬರ್ರಿ. ಬಸಪ್ಪ ಎತ್ತು ಹೂಡಿ ನಿಮ್ಮ ದಾರಿ ಕಾಯಾಕತ್ತಾನ."