ಕೆಸರು ಕೂರುವಷ್ಟು ಹೊತ್ತು

ಬೆಳಗಿನ ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿದೆ. ಕೆಂಗೇರಿ ಆಚೆಯ ಹೊಸ ಬಡಾವಣೆಯೊಂದರ ಮೂಲೆಯಲ್ಲಿ, ಕಬ್ಬಿಣ ಕಟ್ಟಿ ಸಿದ್ಧವಾಗಿರುವ ಗುಂಡಿಯ ಅಂಚಿಗೆ ನಲವತ್ತೇಳರ ಸಂಘಮಿತ್ರಾ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ಒಂದು ಉದ್ದನೆಯ ಗಾಜಿನ ಜಾಡಿ, ಅದರ ತುಂಬ ಬಡಾವಣೆಯ ಬಾವಿಯಿಂದ ಸೇದಿದ ಕೆನ್ನೀರು. ಎಂಟು ಗಂಟೆಗೆ ಕಾಂಕ್ರೀಟ್ ಲಾರಿ ಬರುತ್ತದೆ. ಅದು ಸುರಿದು ಹೋಯಿತೆಂದರೆ, ಅವರು ಮಾಡಿದ ತಪ್ಪೊಂದು ಗೋಡೆಯಾಗಿ ನಿಲ್ಲುತ್ತದೆ.

ಜಾಡಿಯನ್ನು ಕುಲುಕಿ ನೆಲಕ್ಕಿಟ್ಟು ಗಡಿಯಾರ ನೋಡುತ್ತಾರೆ. ಮಣ್ಣು ಏಳು ನಿಮಿಷದೊಳಗೆ ತಳ ಮುಟ್ಟಿದರೆ ಅವರು ಬಚಾವ್. ಯಾರಿಗೂ ಏನೂ ಹೇಳದೆ ಬಸ್ಸು ಹತ್ತಿ ಮನೆಗೆ ಹೋಗಬಹುದು.

"ನಿನ್ನೆ ಸಂಜೆಯಿಂದ ಒಂದು ತುತ್ತು ಇಳಿದಿಲ್ಲ," ಎನ್ನುತ್ತಾರೆ, ಜಾಡಿಯಿಂದ ಕಣ್ಣು ತೆಗೆಯದೆ.

ಕದಡಿದ ನೀರು ಕುಡಿಯುವ ನೀರಾಗುವ ಮೊದಲು ಒಂದು ಕಡೆ ನಿಧಾನಿಸಬೇಕು. ಅದು ನಿಧಾನಿಸುವ ಜಾಗವೇ ಸೆಟ್ಲಿಂಗ್ ಟ್ಯಾಂಕು. ಅದರ ಉದ್ದ ಎಷ್ಟು, ಅಗಲ ಎಷ್ಟು, ಆಳ ಎಷ್ಟು ಎಂದು ಯಾರೋ ಒಬ್ಬರು ಲೆಕ್ಕ ಹಾಕಬೇಕಲ್ಲ, ಊರಿನ ಪಶ್ಚಿಮ ಭಾಗದ ಎಷ್ಟೋ ಸಣ್ಣ ಕಂಟ್ರಾಕ್ಟರುಗಳಿಗೆ ಆ ಒಬ್ಬರು ಸಂಘಮಿತ್ರಾ. ಮೂಡಲಪಾಳ್ಯದಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆಯೇ ಅವರ ಕಚೇರಿ. ಗಿರಣಿ ಶುರುವಾದರೆ ಮೇಜಿನ ಮೇಲಿನ ಪೆನ್ಸಿಲ್ಲೂ ನಡುಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿಂದ ಮುನ್ನೂರಕ್ಕೂ ಮಿಕ್ಕಿ ಟ್ಯಾಂಕುಗಳ ಅಳತೆ ಹೊರಟಿದೆ. ನಕ್ಷೆಯ ಮೇಲೆ ಬೀಳುವ ಸೀಲು ಬೇರೊಬ್ಬ ಎಂಜಿನಿಯರರದು, ಉದ್ಘಾಟನೆಯ ಕಲ್ಲಿನ ಮೇಲೆ ಕೆತ್ತುವುದು ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರ ಹೆಸರು. ಸಂಘಮಿತ್ರಾ ಎಂಬ ನಾಲ್ಕಕ್ಷರ ಎಲ್ಲೂ ಇಲ್ಲ.

ಅಪ್ಪ ಅಂಜಿನಯ್ಯ ರಾಜಾಜಿನಗರದ ಫೌಂಡ್ರಿಯಲ್ಲಿ ಅಚ್ಚು ಹಾಕುತ್ತಿದ್ದವರು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಎರಕವೇ ದಂಡ ಎಂಬ ಮಾತನ್ನು ಮಗಳು ಊಟದ ಜೊತೆಗೇ ಉಂಡು ಬೆಳೆದಳು. ಸಂಘಮಿತ್ರಾ ಸಿವಿಲ್ ಡಿಪ್ಲೊಮಾ ಮುಗಿಸಿ ಬಸವೇಶ್ವರನಗರದ ಕಚೇರಿಯೊಂದರಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಕೆಲಸಕ್ಕೆ ಸೇರಿದರು. ಬೇರೆಯವರ ಲೆಕ್ಕ ನಕಲು ಮಾಡುತ್ತ ಮಾಡುತ್ತ, ಅವರ ತಪ್ಪುಗಳನ್ನು ಹಿಡಿಯುತ್ತ ಲೆಕ್ಕ ಕಲಿತರು.

ಅವರ ಕೆಲಸದ ಕ್ರಮವೇ ಬೇರೆ. ಮೊದಲು ಜಾಗಕ್ಕೆ ಹೋಗಿ ಮೋಟಾರ್ ಹಾಕುವವರನ್ನು ಮಾತಾಡಿಸುತ್ತಾರೆ. ಆಮೇಲೆ ಜಾಡಿಯಲ್ಲಿ ನೀರು ಹಿಡಿದು ಮಣ್ಣು ಎಷ್ಟು ಬೇಗ ಇಳಿಯುತ್ತದೆ ನೋಡುತ್ತಾರೆ. ಲೆಕ್ಕ ಮುಗಿದ ಮೇಲೆ ರಂಗೋಲಿ ಪುಡಿಯಲ್ಲಿ ಟ್ಯಾಂಕನ್ನು ನೆಲದ ಮೇಲೆ ನಿಜವಾದ ಅಳತೆಯಲ್ಲೇ ಬರೆದು, ಅದರೊಳಗೆ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಗಾರೆ ಕೆಲಸದವರು ಅವರಿಗೆ ರಂಗೋಲಿ ಮೇಡಂ ಎಂದೇ ಹೆಸರಿಟ್ಟಿದ್ದಾರೆ. ಹಿಂದಿನಿಂದ ನಗುವವರೂ ಇದ್ದಾರೆ.

"ನೀರು ಈ ಕಡೆಯಿಂದ ಆ ಕಡೆಗೆ ಹೋಗೋದ್ರೊಳಗೆ ಮಣ್ಣು ತಳ ಮುಟ್ಬೇಕು. ಅಷ್ಟೇ ಲೆಕ್ಕ," ಎನ್ನುತ್ತಾರೆ. "ನೀರಿಗೆ ಅವಸರ, ಮಣ್ಣಿಗೆ ಸಾವಧಾನ. ಇಬ್ರಿಗೂ ಹೊಂದಿಸಿ ಕೊಡೋದು ನನ್ನ ಕೆಲಸ."

ಈ ಒಂದು ಟ್ಯಾಂಕಿಗೆ ಮಾತ್ರ ಆ ಕ್ರಮ ತಪ್ಪಿತು. ತಾಯಿ ಪಟಾಲಮ್ಮನ ಕಣ್ಣಿನ ಆಪರೇಷನ್ ಇದ್ದ ವಾರ ಅದು. ಜಾಗಕ್ಕೆ ಹೋಗಲಾಗಲಿಲ್ಲ. ನಾನೂರು ಮನೆ, ದಿನಕ್ಕೆ ಎರಡು ಲಕ್ಷ ನಲವತ್ತು ಸಾವಿರ ಲೀಟರ್ ನೀರು ಎಂದು ಮೊಬೈಲಿಗೆ ಬಂದ ಕಾಗದ ನೋಡಿ, ಆಸ್ಪತ್ರೆಯ ಬೆಂಚಿನ ಮೇಲೆಯೇ ಇಪ್ಪತ್ತನಾಲ್ಕರಿಂದ ಭಾಗಿಸಿದರು. ಗಂಟೆಗೆ ಹತ್ತು ಸಾವಿರ ಲೀಟರ್ ಬಂತು. ಬಾಟಲಿಯಲ್ಲಿ ತರಿಸಿಕೊಂಡ ನೀರಿನ ಮಣ್ಣು ನೋಡಿ, ಟ್ಯಾಂಕಿನ ಒಂದು ಚದರ ಮೀಟರಿಗೆ ಗಂಟೆಗೆ ಸಾವಿರ ಲೀಟರಿಗಿಂತ ಹೆಚ್ಚು ಹೊರಿಸಬಾರದು ಎಂದುಕೊಂಡರು. ಹತ್ತು ಚದರ ಮೀಟರ್ ಸಾಕು. ಆರೂವರೆ ಮೀಟರ್ ಉದ್ದ, ಒಂದು ಮೀಟರ್ ಅರವತ್ತು ಸೆಂಟಿಮೀಟರ್ ಅಗಲ ಎಂದು ಬರೆದು ಕಳಿಸಿದರು.

ನಿನ್ನೆ ಸಂಜೆ ಕಬ್ಬಿಣ ನೋಡಲು ಬಂದಾಗ, ಪಂಪ್‌ಹೌಸಿನ ಕೆಂಚಪ್ಪ ನಾಲ್ಕು ಗಂಟೆಗೇ ಮೋಟಾರ್ ಆರಿಸಿ ಬೀಗ ಹಾಕುತ್ತಿದ್ದ. ಯಾಕೆಂದು ಕೇಳಿದರು.

"ಬೆಳಿಗ್ಗೆ ಆರಕ್ಕೆ ಹಾಕ್ತೀನಿ, ನಾಲ್ಕಕ್ಕೆ ಆಫ್ ಮಾಡ್ತೀನಿ ಕಣಮ್ಮ. ರಾತ್ರಿ ಹಾಕಿದ್ರೆ ಸದ್ದಿಗೆ ಮೇಲ್ಗಡೆ ಮನೆಯೋರು ಬೈತಾರೆ."

ಅಂದರೆ ಇಪ್ಪತ್ತನಾಲ್ಕು ಗಂಟೆಯ ನೀರು ಹತ್ತೇ ಗಂಟೆಯಲ್ಲಿ ನುಗ್ಗುತ್ತದೆ. ಗಂಟೆಗೆ ಇಪ್ಪತ್ತನಾಲ್ಕು ಸಾವಿರ ಲೀಟರ್. ಅಷ್ಟು ರಭಸಕ್ಕೆ ಈ ಟ್ಯಾಂಕಿನಲ್ಲಿ ಕೆಸರು ಕೂರುವುದಿಲ್ಲ, ನೀರಿನ ಜೊತೆಯೇ ಮುಂದಕ್ಕೆ ಹೋಗುತ್ತದೆ. ಕಂಟ್ರಾಕ್ಟರ್ ಬಸವಕುಮಾರ್‌ಗೆ ಹೇಳಲು ಮೂರು ಸಲ ಫೋನ್ ಎತ್ತಿಕೊಂಡು ಮೂರು ಸಲವೂ ಕೆಳಗಿಟ್ಟರು. ಹದಿನೈದು ವರ್ಷದಿಂದ ಕೆಲಸ ಕೊಡುತ್ತಿರುವವರು ಅವರು. ಬಾವಿಯ ಮಣ್ಣು ತಾನಂದುಕೊಂಡದ್ದಕ್ಕಿಂತ ತೂಕದ್ದಿರಬಹುದು, ಜಾಡಿಯಲ್ಲಿ ಏಳು ನಿಮಿಷಕ್ಕೇ ಇಳಿದರೆ ಆ ರಭಸಕ್ಕೂ ಇದೇ ಟ್ಯಾಂಕು ಸಾಲುತ್ತದೆ ಎಂಬ ಆಸೆಯೊಂದು ಉಳಿದಿತ್ತು. ಆ ಆಸೆಯೇ ಈಗ ಜಾಡಿಯಲ್ಲಿದೆ.

ಏಳನೆಯ ನಿಮಿಷ. ಕೆಸರಿನ ಗೆರೆ ಇನ್ನೂ ಜಾಡಿಯ ನಡುವಿಗೇ ಬಂದಿಲ್ಲ. ಸಂಘಮಿತ್ರಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಅದು ತಳ ಮುಟ್ಟುವಾಗ ಹದಿನೈದು ನಿಮಿಷವಾಗಿದೆ.

ಎಲೆಮರೆಯ ಕಾಯಿ ಎಂದು ಹೊಗಳುವುದು ಸುಲಭ. ಮರೆಯಲ್ಲಿರುವ ಕಾಯಿಗೆ ಹುಳ ಬಿದ್ದರೂ ಯಾರಿಗೂ ಕಾಣುವುದಿಲ್ಲ ಎಂಬುದು ಸಂಘಮಿತ್ರಾಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ಹಾಸ್ಟೆಲೊಂದಕ್ಕೆ ಹಾಕಿಕೊಟ್ಟ ಟ್ಯಾಂಕಿನಲ್ಲಿ ಮಳೆಗಾಲದ ಕೆಸರಿನ ಅಂದಾಜು ತಪ್ಪಿತ್ತು. ಹತ್ತೊಂಬತ್ತು ಮಕ್ಕಳು ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದರು. ಎಲ್ಲರೂ ಚೇತರಿಸಿಕೊಂಡರು, ಬೈಗುಳ ಸೀಲು ಹಾಕಿದ ಎಂಜಿನಿಯರಿಗೆ ಹೋಯಿತು. ಇವರು ಮೂಸಂಬಿ ಹಿಡಿದು ಆಸ್ಪತ್ರೆಗೆ ಹೋದರೆ, ನರ್ಸು ಯಾವ ಮಗುವಿನ ತಾಯಿ ಎಂದು ಕೇಳಿದರಂತೆ. ಚೀಲವನ್ನು ಅಲ್ಲೇ ಬೆಂಚಿನ ಮೇಲಿಟ್ಟು ಬಂದುಬಿಟ್ಟರು.

"ಯಾರಾದ್ರೂ ಬಂದು ಬೈದಿದ್ರೆ ಸಮಾಧಾನ ಆಗೋದು," ಎನ್ನುತ್ತಾರೆ. "ನನ್ನನ್ನ ಯಾರೂ ಕೇಳ್ಲೇ ಇಲ್ಲ."

ಏಳು ಗಂಟೆಗೆ ಬಸವಕುಮಾರ್ ಬರುತ್ತಾರೆ. ಸಂಘಮಿತ್ರಾ ಸುತ್ತಿ ಬಳಸದೆ ಹೇಳಿಬಿಡುತ್ತಾರೆ. ಬಸವಕುಮಾರ್ ಮುಖ ಕಪ್ಪಿಡುತ್ತದೆ. ಕಬ್ಬಿಣ ಕಟ್ಟಿ ಆಗಿದೆ, ಲಾರಿ ಹೊರಡುವ ಹೊತ್ತಾಗಿದೆ, ಈಗ ಹೇಳುತ್ತಿದ್ದೀರಲ್ಲ ಎಂದು ಗೊಣಗುತ್ತಾರೆ. ಕೊನೆಗೆ ದನಿ ತಗ್ಗಿಸಿ, "ಸೀಲ್ ನಿಮ್ದಲ್ವಲ್ಲ ಮೇಡಂ, ಯಾಕೆ ತಲೆ ಕೆಡಿಸ್ಕೊತೀರ?" ಎನ್ನುತ್ತಾರೆ.

ಸಂಘಮಿತ್ರಾ ಜಾಡಿಯನ್ನು ಮತ್ತೆ ಕುಲುಕಿ ಅವರ ಕಾಲ ಬಳಿ ಇಡುತ್ತಾರೆ.

"ಏಳು ನಿಮಿಷ ನೋಡಿ. ಆಮೇಲೆ ಈ ನೀರನ್ನ ಕುಡಿಯೋಕೆ ನಿಮ್ಮನೆಗೆ ತಗೊಂಡ್ ಹೋಗ್ತೀರಿ ಅಂದ್ರೆ ಲಾರಿ ಬರ್ಲಿ."

ಬಸವಕುಮಾರ್ ಐದು ನಿಮಿಷ ನೋಡುತ್ತಾರೆ. ಆಚೆ ಹೋಗಿ ಫೋನ್ ಮಾಡಿ, ಲಾರಿಯನ್ನು ನಂದಿನಿ ಲೇಔಟ್‌ನ ಇನ್ನೊಂದು ಕೆಲಸಕ್ಕೆ ತಿರುಗಿಸುತ್ತಾರೆ. ಕಟ್ಟಿದ ಕಬ್ಬಿಣ ಬಿಚ್ಚಲು ಆಳುಗಳಿಗೆ ಹೇಳುತ್ತಾರೆ. ಮುಂದಿನ ಕೆಲಸ ಕೊಡುತ್ತಾರೋ ಇಲ್ಲವೋ ಅವರೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ.

ಸಂಘಮಿತ್ರಾ ರಂಗೋಲಿ ಪುಡಿ ತೆಗೆಯುತ್ತಾರೆ. ಈಗಿನ ಗುಂಡಿಯನ್ನೂ ಒಳಗೊಂಡು ಹತ್ತು ಮೀಟರ್ ಉದ್ದ, ಎರಡು ಮೀಟರ್ ನಲವತ್ತು ಸೆಂಟಿಮೀಟರ್ ಅಗಲ. ಮೊದಲ ಗೆರೆ ಸೊಟ್ಟಗಾಗುತ್ತದೆ, ಅಳಿಸಿ ಮತ್ತೆ ಎಳೆಯುತ್ತಾರೆ. ಕಾಂಪೌಂಡಿಗೂ ಗೆರೆಗೂ ನಡುವೆ ಗೋಡೆ ಕಟ್ಟುವಷ್ಟು ಜಾಗ ಉಳಿದಿದೆ. ಅಳತೆ ಪಟ್ಟಿ ಎರಡು ಸಲ ಹಿಡಿದ ಮೇಲೆ ಗೆರೆಯೊಳಗೆ, ಗುಂಡಿಯ ಅಂಚು ಹಿಡಿದು, ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ.

ಯಾರ ತಪ್ಪು ಎಂದು ಸಂಘದವರು ಕೇಳಿದರೆ ಏನು ಹೇಳಲಿ ಎಂದು ಬಸವಕುಮಾರ್ ಕೇಳುತ್ತಾರೆ.

"ನನ್ನ ಹೆಸರೇ ಹೇಳಿ. ನಕ್ಷೆ ಮೂಲೇಲೂ ಹಾಕ್ಸಿ, ಫೋನ್ ನಂಬರ್ ಸಮೇತ," ಎನ್ನುತ್ತಾರೆ ಸಂಘಮಿತ್ರಾ. ಇಷ್ಟು ವರ್ಷದಲ್ಲಿ ಅವರು ಕೇಳಿರುವುದು ಇದೊಂದೇ. "ಹೊಗಳೋಕಲ್ಲ. ನೀರು ಕದಡಿದ್ರೆ ಯಾರ ಬಾಗ್ಲು ಬಡೀಬೇಕು ಅಂತ ಜನಕ್ಕೆ ಗೊತ್ತಿರ್ಬೇಕು."

ಸೀಲಿನ ಎಂಜಿನಿಯರರು ಒಪ್ಪಬೇಕಲ್ಲ, ನೋಡೋಣ ಎಂದು ಬಸವಕುಮಾರ್ ಕಾರು ಹತ್ತುತ್ತಾರೆ. ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೆಂಚಪ್ಪ ಮಾತ್ರ ಒಳಗಿನಿಂದ ಸೀಮೆಸುಣ್ಣದ ತುಂಡೊಂದನ್ನು ಹುಡುಕಿ ತರುತ್ತಾನೆ. ಪಂಪ್‌ಹೌಸಿನ ಗೋಡೆಯ ಮೇಲೆ ಪ್ಲಂಬರ್, ಎಲೆಕ್ಟ್ರಿಷಿಯನ್ನರ ನಂಬರುಗಳಿವೆ. ಅವುಗಳ ಕೆಳಗೆ, ಒಂದೊಂದೇ ಅಂಕಿಯನ್ನು ಮೇಡಂ ಬಾಯಿಂದ ಹೇಳಿಸಿಕೊಂಡು ಫೋನ್ ನಂಬರ್ ಬರೆದು, ಪಕ್ಕದಲ್ಲಿ ಸೇರಿಸುತ್ತಾನೆ: ಕೆಸರು ನೀರು ಬಂದರೆ, ಸಂಘಮಿತ್ರಾ.