ಶಾಂತಕ್ಕನಿಗೆ ಸಲ್ಲಬೇಕಾದ ಗಡಿಯಾರ

ಗೆಳೆಯರೇ, ನಮ್ಮ ಮುಕ್ತ ತಂತ್ರಾಂಶ ಬಳಗಕ್ಕೆ ಐವರು ಹೊಸಬರನ್ನು ಕರೆತಂದವರಿಗೆ ಗೋಡೆ ಗಡಿಯಾರ ಕೊಡುತ್ತೇವೆಂದು ಸಾರಿದ್ದು ನಾವೇ. ಇಂದು ಹಿಂದವಾಡಿಯ ಸಭೆಗೆ ಖಾನಾಪುರದಿಂದ ಎಂಟು ಮಂದಿ ಬಂದರು. ಎಲ್ಲರನ್ನೂ ಕಳಿಸಿದ್ದು ಅಲ್ಲಿನ ಎಸ್‌ಟಿಡಿ ಬೂತಿನ ಶಾಂತಕ್ಕ.

"ಆಕಿ ಸದಸ್ಯಳಲ್ಲ, ಆಕಿ ಕಡೆ ಕಂಪ್ಯೂಟರೂ ಇಲ್ಲ. ಗಡಿಯಾರ ಕೊಡಾಕ ಬರೂದಿಲ್ಲ" ಎಂದರು ಅಧ್ಯಕ್ಷರು.

ಎರಡು ವರ್ಷದಲ್ಲಿ ನಾವೆಲ್ಲ ಸೇರಿ ಕರೆತಂದದ್ದು ಮೂವರನ್ನು. ಅವರಲ್ಲಿ ಇಬ್ಬರು ಅಧ್ಯಕ್ಷರ ಭಾವಮೈದುನರು!

ಅಧ್ಯಕ್ಷರ ಮೇಲಿನ ಸಿಟ್ಟಿನಲ್ಲಿ ಶಾಂತಕ್ಕನಿಗೇ ಫೋನು ಮಾಡಿ, "ಏನಂತ ಹೇಳಿ ಕಳಸಿದ್ರಿ?" ಎಂದೆ.

"ಕಂಪ್ಯೂಟರ್ ಕೆಟ್ಟೈತಿ ಅಂದವರಿಗೆ, ಅಲ್ಲಿ ಹೋಗ್ರಿ, ರೊಕ್ಕ ತೊಗೊಳ್ಳೂದಿಲ್ಲ, ಪಾಪ, ಮಾತಾಡಾಕ ಮಂದಿ ಸಿಕ್ಕರ ಸಾಕು ಅವರಿಗೆ, ಅಂತ ಹೇಳ್ತೀನ್ರಿ ಸರ್."

ನಮ್ಮನ್ನು ಇಷ್ಟು ಚೆನ್ನಾಗಿ ಬಲ್ಲವರು ಬಳಗದಲ್ಲೇ ಇಲ್ಲ. ಗಡಿಯಾರವನ್ನು ನಾಳೆ ನಾನೇ ಒಯ್ಯುತ್ತೇನೆ. ಅಧ್ಯಕ್ಷರು ಬೇಕಿದ್ದರೆ ಬೂತಿಗೇ ಬಂದು ಆಕ್ಷೇಪಿಸಲಿ. ಅಲ್ಲಿ ಕೇಳುವವರಾದರೂ ಇದ್ದಾರೆ.